ಬುಸುಗುಟ್ಟುವಷ್ಟು ನಂಬಿಕೆ

ಅವರ ಬಲಗಿವಿಯೊಳಗೆ ಬೆಳ್ಳಗಿನ ಕೂದಲು ಪೊದೆಯಾಗಿ ಬೆಳೆದಿತ್ತು. ಎಡಗಿವಿ ಮಂದ. ಹೀಗಾಗಿ ಯಾರಾದರೂ ಮಾತಿಗೆ ನಿಂತರೆ ಕುತ್ತಿಗೆ ಎಡಕ್ಕೆ ಹೊರಳಿಸಿ, ಬಲಗಿವಿ ಮುಂದೆ ಮಾಡಿ, ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದು ನಿಂತುಬಿಡುತ್ತಿದ್ದರು. ಗುರುತಿಲ್ಲದವರು ಇವರಿಗೆ ಹಲ್ಲುನೋವಿರಬೇಕು ಅಂದುಕೊಳ್ಳುತ್ತಿದ್ದರು. ದಾಂಡೇಲಿಗೆ ಸೊಸೆಯಾಗಿ ಬಂದ ಮೊದಲ ವಾರ ನಾನೂ ಹಾಗೇ ಅಂದುಕೊಂಡು ಒಂದು ಲವಂಗ ಒಯ್ದು ಕೊಟ್ಟಿದ್ದೆ. ಅವರು ಅದನ್ನು ಇಸಿದುಕೊಂಡು ಬಾಯಿಗೆ ಹಾಕಿಕೊಂಡರು, ಅಗಿದು ಮುಗಿಸಿದ ಮೇಲೆ ಯಾಕೆ ಕೊಟ್ಟೆ ಎಂದು ಕೇಳಿದರು.

ಕಾಗದದ ಮಿಲ್ಲಿನ ಬಾಯ್ಲರ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ನಮ್ಮ ಚಾಳಿಗೆಲ್ಲ ಅವರು ಬಾಯ್ಲರ್ ಕಾಕಾ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಮ್ಮ ಕುಕ್ಕರಿನ ರಬ್ಬರು ಸವೆದರೆ ನನಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. ಗೋಡೆಯಾಚೆಯಿಂದಲೇ "ಯವ್ವಾ, ಸೀಟಿ ಸೋರಾಕತ್ತೈತಿ ನೋಡು" ಅನ್ನುವರು. ನನಗೆ ಸಿಟ್ಟು ಬರುತ್ತಿತ್ತು. ನಮ್ಮ ಮನೆಯ ಕುಕ್ಕರು, ನಮ್ಮ ಮನೆಯ ಬೇಳೆ, ಇವರಿಗೇನು ಉಸಾಬರಿ ಅಂತ. ಆದರೆ ತೆಗೆದು ನೋಡಿದರೆ ರಬ್ಬರು ಸೀಳಿರುತ್ತಿತ್ತು.

"ಕಣ್ಣಿಗಿ ಕಾಣೋ ಹಬಿ ಆಗಲೇ ತಣ್ಣಗಾಗಿರತೈತವಾ" ಎಂದು ಒಮ್ಮೆ ಹೇಳಿದ್ದರು. "ಪೈಪಿನ ಬಾಯಾಗ ಕಾಣದ ಹಬಿ ಇರತೈತಲ್ಲ, ಅದು ಕೈ ತಗೀತೈತಿ. ಅದನ್ನ ಕಿವೀಲೇ ನೋಡಬೇಕು."

ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಇದ್ದವಳು ಒಬ್ಬಳೇ ಮಗಳು. ಹುಬ್ಬಳ್ಳಿಯ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ, ಅಲ್ಲೇ ಒಂದು ಖೋಲಿ. ಹದಿನೈದು ದಿನಕ್ಕೊಮ್ಮೆ ಊರಿಗೆ ಬಂದಾಗ ನನ್ನ ಹತ್ತಿರ ಬ್ಲೌಸು ಹೊಲಿಸುತ್ತಿದ್ದಳು. ಒಂದು ಸಲ ನಾನು ಅವಳ ತೋಳಿನ ಅಳತೆ ತೆಗೆಯುತ್ತಿದ್ದಾಗ, ಖೋಲಿಯಲ್ಲಿ ತಾನು ಹೆಬ್ಬಾವು ಸಾಕಿದ್ದೇನೆ ಎಂದಳು. ನನ್ನ ಕೈಯಿಂದ ಟೇಪು ಜಾರಿತು. ಅವಳು ನಕ್ಕು ಫೋನು ತೆಗೆದು ಫೋಟೊ ತೋರಿಸಿದಳು. ಜೋಯಿಡಾ ರಸ್ತೆಯಲ್ಲಿ ಬಸ್ಸಿನ ಮುಂದೆ ತೊಡೆ ದಪ್ಪದ ಹೆಬ್ಬಾವು ದಾಟುವುದನ್ನು ನಾನು ನೋಡಿದ್ದೆ. ಇದು ಅದರ ಪೈಕಿಯದಲ್ಲ. ಬೇರೆ ದೇಶದ್ದು, ಬಾಲ್ ಪೈಥಾನ್ ಅನ್ನುತ್ತಾರಂತೆ. ಮಣಿಕಟ್ಟಿನಷ್ಟು ದಪ್ಪ, ಒಂದೂವರೆ ಮೊಳಕ್ಕಿಂತ ಸ್ವಲ್ಪ ಹೆಚ್ಚು ಉದ್ದ, ಕಂದು ಮೈಮೇಲೆ ಹೊಂಬಣ್ಣದ ಮಚ್ಚೆ. ಸರ್ಕಾರಕ್ಕೆ ತಿಳಿಸಿ ಕಾಗದಪತ್ರ ಎಲ್ಲ ಮಾಡಿಸಿದ್ದಳು.

ಆ ಹುಡುಗಿ ಐದು ದಿನದ ಜ್ವರದಲ್ಲಿ ಹೋದಳು. ಅದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ. ಮಣ್ಣು ಮಾಡಿದ ಮೂರನೆಯ ದಿನ ಟೆಂಪೊದಲ್ಲಿ ಅವಳ ಸಾಮಾನು ಬಂತು. ಎರಡು ಬ್ಯಾಗು, ಒಂದು ಗ್ಯಾಸಿನ ಒಲೆ, ಗಾಜಿನ ಬಾಗಿಲಿನ ಒಂದು ಕಟ್ಟಿಗೆಯ ಪೆಟ್ಟಿಗೆ, ಅದರೊಳಗೆ ಆ ಹಾವು. ಬಂಧುಗಳು ಪೆಟ್ಟಿಗೆಯನ್ನು ಕಾಡಿಗೆ ಒಯ್ದು ಬಿಟ್ಟುಬರೋಣ ಎಂದರು. ಕಾಕಾ ಹಾವೆಂದರೆ ಗಟಾರದ ಹತ್ತಿರವೂ ಸುಳಿಯದ ಮನುಷ್ಯ. ಅವರು ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಇದು ಈ ಅಡವ್ಯಾಗ ಬದಕೂದಿಲ್ಲ. ಅಕಿ ಜೀವದಂಗ ಸಾಕಿದ್ದು. ಇಲ್ಲೇ ಇರಲಿ" ಎಂದಷ್ಟೇ ಹೇಳಿದರು.

ಅದಾಗಿ ಹತ್ತು ದಿನಕ್ಕೆ ನನ್ನ ಬಾಗಿಲಿಗೆ ಬಂದರು. ನಡುಗೋಡೆಗೆ ಹಚ್ಚಿಟ್ಟಿದ್ದ ನನ್ನ ಹೊಲಿಗೆ ಮಷಿನ್ನನ್ನು ಆಚೆ ಬದಿಯ ಗೋಡೆಗೆ ಸರಿಸುತ್ತೀಯಾ ಎಂದು ಕೇಳಿದರು. ಕಿಟಕಿಯ ಬೆಳಕಿರುವುದು ಇದೇ ಬದಿಗೆ. ಸಾವಿನ ಮನೆಯವರು ಎನ್ನುವುದನ್ನೂ ಮರೆತು ನಾನು, "ಮೂರು ವರ್ಷ ಸುಮ್ಮನಿದ್ರಿ, ಈಗ ತ್ರಾಸ ಆತೇನ್ರಿ ಕಾಕಾ?" ಎಂದೆ.

"ನನಗಲ್ಲವಾ. ಒಳಗ ಬಾ, ತೋರಸ್ತೇನಿ."

ಹೋದೆ. ನನ್ನ ಅತ್ತೆಯನ್ನು ಮಷಿನ್ ಮುಂದೆ ಕೂಡಿಸಿ ತುಳಿಯಲು ಹೇಳಿ ಹೋಗಿದ್ದೆ. ಗೋಡೆಯಾಚೆ ಮಷಿನ್ ಗಡಗಡ ಅಂದ ಕೂಡಲೇ ಪೆಟ್ಟಿಗೆಯೊಳಗಿನ ಜೀವ ಕೊರಳನ್ನು ಹಿಂದಕ್ಕೆಳೆದು, ಮೈ ಉಬ್ಬಿಸಿ, ಉದ್ದಕ್ಕೆ ಬುಸ್ ಎಂದಿತು. ಅಷ್ಟು ಸಣ್ಣ ಮೈಯಿಂದ ಅಂಥ ಸಪ್ಪಳ ಬರುತ್ತದೆಂದು ನಾನು ಎಣಿಸಿರಲಿಲ್ಲ. "ಅದಕ್ಕ ನಮ್ಮಂಗ ಕಿವಿ ಇಲ್ಲ, ದವಡಿ ನೆಲಕ್ಕ ಹಚ್ಚಿ ಕೇಳತೈತಿ. ನಿನ್ನ ಮಷಿನ್ ನೆಲದಾಗ ಹಾದು ಅದರ ಮೈಯಾಗ ಬರತೈತಿ" ಎಂದರು ಕಾಕಾ. ಅಂದೇ ಮಷಿನ್ ಸರಿಸಿದೆ. ಗೊಣಗುತ್ತಲೇ ಸರಿಸಿದೆ ಎನ್ನುವುದನ್ನೂ ಹೇಳಬೇಕು.

ಆಮೇಲೆ ದಿನಾ ಒಂದು ಸಲ ಅಲ್ಲಿಗೆ ಹೋಗುವುದು ರೂಢಿಯಾಯಿತು. ಬಾಯ್ಲರಿನಲ್ಲಿ ಪಾಳಿಗೊಮ್ಮೆ ಒತ್ತಡ, ಉಷ್ಣತೆ ಬರೆದಿಡುತ್ತಿದ್ದರಂತೆ. ಅದೇ ಚಟದಿಂದ ಕ್ಯಾಲೆಂಡರಿನ ಹಿಂಬದಿಗೆ ಗೆರೆ ಎಳೆದು ಮುಂಜಾನೆ, ಮಧ್ಯಾಹ್ನ, ಸಂಜೆ ಪೆಟ್ಟಿಗೆಯ ಉಷ್ಣತೆ ಬರೆಯುತ್ತಿದ್ದರು. ಪಕ್ಕದಲ್ಲಿ ಹಾವು ಮಾಡಿದ ಸಪ್ಪಳ. "ಇಷ್ಟು ವರ್ಷ ನೂರಾರು ಡಿಗ್ರಿ ನೋಡಿದಾಂವ, ಈಗ ಮೂವತ್ತೊಂದು ಹೋಗಿ ಇಪ್ಪತ್ತೊಂಬತ್ತು ಆದ್ರ ಅಂಜಾಕತ್ತೇನಿ" ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುವರು.

ಮೊಟ್ಟೆ ಕೂಡ ಮುಟ್ಟದ ಮನೆತನ ಅವರದು. ಹತ್ತು ಹನ್ನೆರಡು ದಿನಕ್ಕೊಮ್ಮೆ ಹುಬ್ಬಳ್ಳಿಯಿಂದ ಬಸ್ಸಿನವರ ಕೈಯಲ್ಲಿ ಬರ್ಫದೊಳಗೆ ಇಟ್ಟ ಇಲಿ ಬರುತ್ತಿತ್ತು. ಹಿತ್ತಲಲ್ಲಿ ಅದಕ್ಕೆಂದೇ ಬೇರೆ ಇಟ್ಟ ಬೋಗುಣಿಯಲ್ಲಿ ಬಿಸಿನೀರು ಹಾಕಿ, ಇಲಿ ಬೆಚ್ಚಗಾಗುವ ತನಕ ಮುಖ ಆ ಕಡೆ ಮಾಡಿ ಕೂಡುವರು. ಇಕ್ಕಳದಲ್ಲಿ ಹಿಡಿದು ಹಾವಿಗೆ ಕೊಟ್ಟು ಬಂದು ತಲೆಮೇಲೆ ನೀರು ಹಾಕಿಕೊಳ್ಳುವರು. ನಾನು ಮೂಗು ಮುರಿದರೆ, "ಇದು ಅಕಿ ಕೆಲಸವಾ. ಅಕಿ ಪಾಳಿ ನಾ ಮಾಡಾಕತ್ತೇನಿ" ಎನ್ನುವರು.

ಸಪ್ಪಳಗಳನ್ನು ನನಗೆ ಕಲಿಸಿದವರೂ ಅವರೇ. ಸಣ್ಣಗೆ ಹುಫ್ ಅಂದರೆ, ನಿದ್ದೆಯಿಂದ ಎಬ್ಬಿಸಿದಿರಿ ಎಂದು ಬೇಸರ. ಕೊರಳು ಕೊಕ್ಕೆಯಾಗಿ ಉದ್ದಕ್ಕೆ ಬುಸ್ ಅಂದರೆ, ಹಿಂದೆ ಸರಿಯಿರಿ, ಇಲ್ಲದಿದ್ದರೆ ಹೊಡೆಯುತ್ತೇನೆ ಎಂದು. ಉಸಿರಿನಲ್ಲಿ ಸೀಟಿಯಂಥ ಸಪ್ಪಳ ಬಂದರೆ ಅದು ಸಿಟ್ಟಲ್ಲ, ಎದೆ ಕೆಟ್ಟಿದೆ, ಡಾಕ್ಟರಿಗೆ ತೋರಿಸಬೇಕು. ಇಷ್ಟೆಲ್ಲ ಕೇಳಬಲ್ಲ ಮನುಷ್ಯ ನೀರಿನ ಕೊಡ ಎತ್ತಿದಾಗ ತಮ್ಮ ಎದೆಯಲ್ಲೇ ಬರುತ್ತಿದ್ದ ಸೀಟಿಯನ್ನು ಕೇಳಲಿಲ್ಲವೋ, ಕೇಳಿಯೂ ಸುಮ್ಮನಿದ್ದರೋ ನನಗೆ ಗೊತ್ತಿಲ್ಲ.

ಆ ಮೊದಲ ವರ್ಷದ ಒಂದು ಮಧ್ಯಾಹ್ನ. ಗಂಡಸರೆಲ್ಲ ಪಾಳಿಗೆ ಹೋಗಿದ್ದರು, ಚಾಳು ತಣ್ಣಗಿತ್ತು. ನಾನು ಬಟ್ಟೆ ಕತ್ತರಿಸುತ್ತಿದ್ದೆ. ಗೋಡೆಯಾಚೆಯಿಂದ, "ಅಪ್ಪಾ, ಕೇಳಿಲ್ಲೆ" ಎಂದು ಅವರ ಮಗಳ ದನಿ ಬಂತು. ತೀರಿಕೊಂಡು ಐದು ತಿಂಗಳಾಗಿದ್ದ ಹುಡುಗಿಯ ದನಿ. ಅದರ ಹಿಂದೆಯೇ ಬುಸ್ ಎನ್ನುವ ಸಪ್ಪಳ. ಆಮೇಲೆ ಗಾಜಿನ ಮೇಲೆ ಟಕ್ ಟಕ್. ಮತ್ತೆ ಬುಸ್. ಮತ್ತೆ, "ಅಪ್ಪಾ, ಕೇಳಿಲ್ಲೆ." ಕತ್ತರಿ ಹಿಡಿದುಕೊಂಡೇ ಓಡಿದೆ.

ಕಾಕಾ ನೆಲದ ಮೇಲೆ ಕುಳಿತಿದ್ದರು. ತೊಡೆಯ ಮೇಲೆ ಫೋನು, ಬಲಗೈ ಬೆರಳಿನ ಉಂಗುರ ಪೆಟ್ಟಿಗೆಯ ಗಾಜಿಗೆ. ಮಗಳು ಹುಬ್ಬಳ್ಳಿಯಿಂದ ಅಪ್ಪನಿಗೆ ಹಾವಿನ ಸಪ್ಪಳ ಕೇಳಿಸಲೆಂದು ಫೋನಿನಲ್ಲಿ ಕಳಿಸಿದ್ದ ಧ್ವನಿ ಅದು. ಎರಡೇ ಶಬ್ದ ಅವಳದು, ಉಳಿದದ್ದೆಲ್ಲ ಹಾವಿನದು. ಅದನ್ನು ಹಚ್ಚಿ, ಗಾಜು ಬಡಿದು, ನಿಜವಾದ ಹಾವನ್ನೂ ಬುಸುಗುಟ್ಟಿಸಿ, ಎರಡನ್ನೂ ಕೂಡಿಸಿ ಕೇಳುತ್ತಿದ್ದರು.

"ಇದು ಬುಸ್ ಅಂದ್ರ ಅಕಿ ಈಗ ಹೇಳಿ ಮುಗಿಸಿದಂಗ ಅನಸತೈತಿ" ಎಂದರು. ನಾನು ಕತ್ತರಿ ಕೆಳಗಿಟ್ಟೆ. ಆಮೇಲೆ ಅವರೇ, "ತಪ್ಪು ಮಾಡಾಕತ್ತೇನಿ. ಅದನ್ನ ಅಂಜಿಸಿ ನಾ ಮಗಳನ್ನ ಕೇಳಾಕತ್ತೇನಿ" ಎಂದು ಉಂಗುರ ಬಿಚ್ಚಿ ಗೂಡಿನಲ್ಲಿಟ್ಟರು. ಮತ್ತೆ ಅದನ್ನು ಹಾಕಿಕೊಂಡದ್ದನ್ನು ನಾನು ನೋಡಲಿಲ್ಲ. ಆದರೆ ಆ ದಿನದಿಂದ ಆ ಗೋಡೆಯ ಕಡೆ ಬೆನ್ನು ಮಾಡಿ ಕೂತು ಹೊಲಿಯುವುದು ನನಗೆ ಆಗಲೇ ಇಲ್ಲ.

ಮರುವರ್ಷದ ನಾಗರ ಪಂಚಮಿಗೆ ನನ್ನಿಂದ ಒಂದು ತಪ್ಪಾಯಿತು. ಕಾಕಾ ಉಂಡಿ, ಸೀರೆ ತೆಗೆದುಕೊಂಡು ಸಾಂಬ್ರಾಣಿ ಎಂಬ ಊರಿನಲ್ಲಿರುವ ತಮ್ಮ ಅಕ್ಕನ ಮನೆಗೆ ಹೋಗಿದ್ದರು. ಕೀಲಿ ನನ್ನ ಹತ್ತಿರ ಇತ್ತು. ಹಾಲೆರೆಯಲು ಹುತ್ತಕ್ಕೆ ಹೊರಟಿದ್ದ ಮೂವರು ಹೆಂಗಸರಿಗೆ ನಾನೇ ಬುದ್ಧಿ ಹೇಳಿದೆ. "ಸಾಕ್ಷಾತ್ ನಾಗಪ್ಪ ಚಾಳಿನ್ಯಾಗ ಕುಂತಾನ, ಕೆಸರು ತುಳಕೊಂಡು ಹುತ್ತಕ್ಕ ಯಾಕ ಹೋಗ್ತೀರಿ?" ನಾಗಪ್ಪ ಬೇರೆ, ಹೆಬ್ಬಾವು ಬೇರೆ ಎಂದು ಒಬ್ಬಾಕೆ ಅಂದಳು. ನಾನು ಅವಳ ಬಾಯಿ ಮುಚ್ಚಿಸಿದೆ. ಬಾಗಿಲು ತೆರೆದು, ಪೆಟ್ಟಿಗೆಯ ಗಾಜು ಸರಿಸಿ, ಅರಿಷಿಣ ಕುಂಕುಮ ಹಾಕಿ, ಜೋಳದ ಅಳ್ಳು ಚೆಲ್ಲಿ, ಮೈಮೇಲೆ ಹಾಲು ಹೊಯ್ದೆವು. ಹಾವು ಬುಸುಗುಟ್ಟಿತು. ನಾವು ಹಿಂದೆ ಸರಿಯಲಿಲ್ಲ, ಇನ್ನೂ ಜೋರಾಗಿ ಹಾಡಿದೆವು. ಆಗ ಅದು ಸುಮ್ಮನಾಗಿ ಸುರುಳಿ ಸುತ್ತಿಕೊಂಡಿತು. ಗುಂಡಗೆ ಚೆಂಡಿನಂತಾಗಿ ತಲೆಯನ್ನು ಒಳಗೆಲ್ಲೋ ಸೇರಿಸಿಕೊಂಡಿತು. ನಾನು ಕೈಮುಗಿದು, "ಶಾಂತ ಆದ ನೋಡ್ರಿ, ನಮ್ಮ ಹಾಲು ಮುಟ್ಟಿತು" ಎಂದೆ. ಎಲ್ಲರೂ ಅಡ್ಡಬಿದ್ದೆವು.

ಮಧ್ಯಾಹ್ನ ಬಂದ ಕಾಕಾ ಪೆಟ್ಟಿಗೆ ನೋಡಿದರು. ಬೈಯಲಿಲ್ಲ. ಬೆಚ್ಚಗಿನ ನೀರು ತಂದು ಆ ಚೆಂಡನ್ನು ಎರಡೂ ಕೈಯಲ್ಲಿ ಎತ್ತಿ, ಹಸುಗೂಸಿನ ತಲೆ ತೊಳೆಯುವಂತೆ ತೊಳೆದರು. ಕೆಳಗಿನ ಕಾಗದ ಬದಲಿಸಿದರು. ಒರೆಸಿ ಒಳಗಿಟ್ಟು ಎದುರಿಗೆ ಕುಳಿತರು. ನಾನೂ ಕುಳಿತೆ. ಸುರುಳಿ ಬಿಡಲು ಎರಡು ತಾಸು ಹಿಡಿಯಿತು.

"ಅದು ಶಾಂತ ಆಗಿರಲಿಲ್ಲವಾ" ಎಂದರು. "ಬುಸುಗುಟ್ಟಿದಾಗ ಅದಕ್ಕ ನಿಮ್ಮ ಮ್ಯಾಲೆ ಇನ್ನೂ ನಂಬಿಕಿ ಇತ್ತು. ದೂರ ಸರೀರಿ ಅಂದ್ರ ಸರೀತಾರ ಅನ್ನೋ ನಂಬಿಕಿ. ನೀವು ಸರೀಲಿಲ್ಲ. ತಲಿ ಒಳಗ ಹಾಕ್ಕೊಂಡ್ತಂದ್ರ ಆ ನಂಬಿಕಿ ಹೋತು ಅಂತ. ಇನ್ನ ಕೊಂದ್ರ ಕೊಲ್ರಿ ಅಂತ."

ಆ ಮೇಲೆ ಎರಡು ತಿಂಗಳು ಅದು ಆಹಾರ ಮುಟ್ಟಲಿಲ್ಲ. ಕಾಕಾ ಕೂಡ ಅರ್ಧ ರೊಟ್ಟಿಗೇ ಕೈ ತೊಳೆಯುತ್ತಿದ್ದರು. ಕೊನೆಗೊಂದು ದಿನ ಅದು ಇಲಿ ನುಂಗಿದಾಗ ನನ್ನನ್ನು ಕೂಗಿ ಕರೆದು ತೋರಿಸಿದರು. ಅಂದು ನಾನು ಅವರ ಮನೆಗೆ ಜೋಳದ ಕಡುಬು ಮಾಡಿ ಒಯ್ದೆ.

ಅದೇ ದಿನ ಅವರು ಮೊದಲ ಸಲ ಕೇಳಿದ್ದು. ಇವು ಮೂವತ್ತು ವರ್ಷ ಬದುಕುತ್ತವಂತೆ, ಇದಕ್ಕಿನ್ನೂ ಏಳು. "ನಾ ಹೋದಮ್ಯಾಲ ಇದನ್ನ ನೀ ಇಟ್ಕೋತೀಯೇನವಾ?"

"ನೀವು ನೂರು ವರ್ಷ ಇರ್ತೀರಿ, ಸುಮ್ನಿರ್ರಿ ಕಾಕಾ" ಎಂದು ನಕ್ಕುಬಿಟ್ಟೆ. ಅವರು ನಗಲಿಲ್ಲ. ಬಲಗಿವಿ ಮುಂದೆ ಮಾಡಿಕೊಂಡೇ ನಿಂತಿದ್ದರು.

ಎರಡನೆಯ ಸಲ ಕೇಳಿದ್ದು ದೀಪಾವಳಿ ಮುಗಿದ ಮೇಲೆ. ನಮ್ಮ ಅತ್ತೆ ಒಪ್ಪುವುದಿಲ್ಲ ಎಂದೆ. ಅತ್ತೆಯನ್ನು ನಾನು ಕೇಳಿಯೇ ಇರಲಿಲ್ಲ. ಮೂರನೆಯ ಸಲ ಕೇಳಿದಾಗ ಮದುವೆ ಸೀಸನ್ನು, ಹನ್ನೆರಡು ಬ್ಲೌಸು ಬಾಕಿ ಇದ್ದವು. ತಲೆ ಎತ್ತದೆಯೇ, "ಕಾಕಾ, ನನಗ ಉಸಿರಾಡಾಕ ಪುರಸತ್ತಿಲ್ಲ, ನೀವು ಹಾವು ಹಾವು ಅಂತೀರಿ" ಎಂದೆ. ಅವರು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಹೋದರು.

ಅದಾದ ಮೇಲೆ ಅವರಿಗೆ ಸಿಟ್ಟು ಬರಲು ಶುರುವಾಯಿತು. ಎಂದೂ ದನಿ ಎತ್ತದ ಮನುಷ್ಯ ನಳದ ಹತ್ತಿರ ಜಗಳ ತೆಗೆದರು, ಹಾಲಿನವನಿಗೆ ಬೈದರು. ನಾನು ಮಷಿನ್ ಎಣ್ಣೆಯ ಬಟ್ಟೆಯನ್ನು ಅವರ ಕಟ್ಟೆಯ ಮೇಲೆ ಒಣಹಾಕಿದ್ದಕ್ಕೆ, "ನಿಮಗೆಲ್ಲಾ ನಾ ಇದ್ದೇನೋ ಇಲ್ಲೋ ಒಂದ ಆಗೇತಿ" ಎಂದು ಇಡೀ ಚಾಳಿಗೆ ಕೇಳುವಂತೆ ಕೂಗಿದರು. ನಾನೂ ಬಿಡಲಿಲ್ಲ, ಎರಡು ಮಾತು ಹೆಚ್ಚೇ ಆಡಿದೆ. ವಾರಗಟ್ಟಲೆ ಅವರ ಮನೆಗೆ ಕಾಲಿಡಲಿಲ್ಲ.

ಮಾರನೆಯ ತಿಂಗಳು ಅವರು ತಣ್ಣಗಾದರು. ನಳದ ಹತ್ತಿರ ಸರದಿ ಬಿಟ್ಟುಕೊಟ್ಟರು. ಎದುರಿಗೆ ಸಿಕ್ಕರೆ ತಲೆ ತಗ್ಗಿಸಿ ಹೋಗುವರು. ಬಾಗಿಲು ಹಗಲಲ್ಲೂ ಮುಂದಕ್ಕೆಳೆದಿರುತ್ತಿತ್ತು. ನಮ್ಮ ಕುಕ್ಕರಿನ ರಬ್ಬರು ಸವೆದು ಒಂದು ವಾರ ಸೋರಿದರೂ ಗೋಡೆಯಾಚೆಯಿಂದ ಮಾತು ಬರಲಿಲ್ಲ. ಅತ್ತೆ, "ಬಾಯ್ಲರ್ ಕಾಕಾಗ ಈಗ ಸಮಾಧಾನ ಆಗೇತಿ ನೋಡು" ಎಂದರು. ಹೂಂ, ಒಳ್ಳೆಯದಾಯಿತು ಎಂದೆ. ನಾನು, ಪಂಚಮಿಯ ದಿನ ಆ ಪೆಟ್ಟಿಗೆಯ ಮುಂದೆ ಎರಡು ತಾಸು ಕುಳಿತವಳು, ಹಾಗೆ ಅಂದೆ. ಇದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮುಖ ನೋಡಿಕೊಳ್ಳಲು ಮನಸ್ಸಾಗುವುದಿಲ್ಲ.

ಒಂದು ಮುಂಜಾನೆ ಬಿಸಿಲೇರಿದರೂ ಅವರ ಕಟ್ಟೆಯ ಮೇಲೆ ಹಾಲಿನ ಪಾಕೀಟು ಹಾಗೇ ಬಿದ್ದಿತ್ತು. ಬಾಗಿಲು ನೂಕಿದೆ. ಪೆಟ್ಟಿಗೆಯ ಪಕ್ಕದಲ್ಲಿ, ನೆಲದ ಮೇಲೆ, ಮೊಣಕಾಲು ಎದೆಗೆ ಸೇರಿಸಿ, ಮುಖವನ್ನು ತೋಳಿನೊಳಗೆ ಹುದುಗಿಸಿ ಮಲಗಿದ್ದರು. ಮುಟ್ಟಿದಾಗ ಮೈ ತಣ್ಣಗಿತ್ತು. ಹೃದಯ ನಿಂತು ಹೋಗಿತ್ತೆಂದು ಆಮೇಲೆ ಡಾಕ್ಟರು ಹೇಳಿದರು. ಗೂಡಿನಲ್ಲಿ, ಉಂಗುರದ ಪಕ್ಕ, ಎದೆಯ ತಪಾಸಣೆಗೆ ಧಾರವಾಡಕ್ಕೆ ಹೋಗಿರೆಂದು ಡಾಕ್ಟರು ಬರೆದುಕೊಟ್ಟ ಚೀಟಿ ಸಿಕ್ಕಿತು. ಅದನ್ನು ಬರೆದದ್ದು ಅವರು ನನ್ನನ್ನು ಮೊದಲ ಸಲ ಕೇಳುವುದಕ್ಕಿಂತ ಒಂದು ವಾರ ಮುಂಚೆ. ಕ್ಯಾಲೆಂಡರಿನ ಹಿಂದೆ ಹಿಂದಿನ ದಿನದ ಸಂಜೆಯ ಉಷ್ಣತೆ ಬರೆದಿತ್ತು, ಮೂವತ್ತೊಂದು. ಸಪ್ಪಳದ ಜಾಗದಲ್ಲಿ ಒಂದು ಗೀಟು.

ದಿನಕರ್ಮ ಮುಗಿದ ಮೇಲೆ ಸಾಂಬ್ರಾಣಿಯ ಅಕ್ಕನ ಮಗ ಮನೆ ಖಾಲಿ ಮಾಡಲು ಬಂದ. ಕೆಟ್ಟವನೇನಲ್ಲ. "ಜೋಯಿಡಾ ಕಡೆ ನನ್ನ ಗೆಳೆಯಂದು ಹೋಮ್‌ಸ್ಟೇ ಐತ್ರಿ ಅಕ್ಕಾರ" ಎಂದ. "ಪ್ರವಾಸಕ್ಕ ಬಂದ ಮಂದಿ ಕೊಳ್ಳಾಗ ಹಾಕ್ಕೊಂಡು ಫೋಟೊ ತಗಸ್ಕೋತಾರ. ಹಾವು ಅಲ್ಲಿಗೆ ಕೊಡ್ತೇನಿ. ಛಲೋ ನೋಡ್ಕೋತಾನ."

ಟೆಂಪೊದವನು ಪೆಟ್ಟಿಗೆಯ ಒಂದು ಬದಿ ಎತ್ತಿದ್ದ. ಒಳಗಿನಿಂದ ಬುಸ್ ಎಂದಿತು. ನಾನು ನಮ್ಮ ಬಾಗಿಲಲ್ಲಿ ನಿಂತಿದ್ದೆ. ಬಾಯಿಂದ ಮಾತು ಹೇಗೆ ಬಂತೋ ತಿಳಿಯದು.

"ಅದನ್ನ ಕೆಳಗಿಡ್ರಿ. ಅದು ಎಲ್ಲಿಗೂ ಹೋಗೂದಿಲ್ಲ. ನಾ ಕಾಕಾಗ ಮಾತು ಕೊಟ್ಟೇನಿ."

"ಯಾವಾಗ್ರಿ?" ಎಂದ ಅಕ್ಕನ ಮಗ. ಕೇಳಬೇಕೆಂದು ಕೇಳಿದ್ದಲ್ಲ, ಸುಮ್ಮನೆ ಕೇಳಿದ.

"ಕೇಳಿದ್ರು. ಕೊಟ್ಟೆ."

ಅತ್ತೆ ನನ್ನ ಮುಖ ನೋಡಿದರು. ಗಂಡ ನೋಡಿದ. ಪುರಸತ್ತಿಲ್ಲ ಎಂದು ನಾನು ರೇಗಿದ ದಿನ ಆತ ಅಲ್ಲೇ ಊಟಕ್ಕೆ ಕುಳಿತಿದ್ದ. ಹೋಗಿ ಪೆಟ್ಟಿಗೆಯ ಇನ್ನೊಂದು ಬದಿ ಹಿಡಿದ.

ಕಾಕಾರ ಫೋನಿನ ನೆನಪು ನನಗೆ ಬಂದದ್ದು ವಾರದ ಮೇಲೆ. ಕೇಳಿದರೆ, ಅದರಲ್ಲಿದ್ದದ್ದೆಲ್ಲ ಅಳಿಸಿ ತನ್ನ ಹೆಂಡತಿಗೆ ಕೊಟ್ಟಿದ್ದೇನೆ ಎಂದ ಅಕ್ಕನ ಮಗ. ಆ ಎರಡು ಶಬ್ದ ಈಗ ಎಲ್ಲಿಯೂ ಇಲ್ಲ. ನನ್ನ ಕಿವಿಯಲ್ಲಿ ಮಾತ್ರ ಇವೆ, ಅವೂ ದಿನಕ್ಕೊಂದು ರೀತಿ ಕೇಳಿಸುತ್ತವೆ.

ಹಾವು ನಮ್ಮ ಮನೆಗೆ ಬಂದು ಇದು ಮೂರನೆಯ ವರ್ಷ. ಕಾಗದಪತ್ರ ನನ್ನ ಹೆಸರಿಗೆ ಮಾಡಿಸಿದ್ದೇನೆ. ನೆಲ ಅದುರದಿರಲಿ ಎಂದು ಮಷಿನ್ನಿನ ಕಾಲ ಕೆಳಗೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿದ್ದೇನೆ. ಬೋಗುಣಿ, ಬಿಸಿನೀರು, ಇಕ್ಕಳ, ಆಮೇಲೆ ತಲೆಮೇಲೆ ನೀರು, ಎಲ್ಲ ಅವರು ಮಾಡಿದ ಹಾಗೆಯೇ. ಮೊದಮೊದಲು ನಾನು ಗಾಜು ಸರಿಸಿದಾಗಲೆಲ್ಲ ಬುಸುಗುಟ್ಟುತ್ತಿತ್ತು. ಆ ಸಪ್ಪಳ ಕೇಳಿದರೆ ಗೋಡೆಯಾಚೆ ಇನ್ನೂ ಯಾರೋ ಕುಳಿತಿದ್ದಾರೆ ಅನಿಸುತ್ತಿತ್ತು. ಬರಬರುತ್ತ ಕಡಿಮೆಯಾಯಿತು. ಈಗ ನನ್ನ ಕೈಯ ವಾಸನೆ ಅದಕ್ಕೆ ರೂಢಿಯಾಗಿದೆ, ಬುಸುಗುಟ್ಟುವುದೇ ಇಲ್ಲ. ನಾನು ಚೆನ್ನಾಗಿ ನೋಡಿಕೊಂಡಷ್ಟೂ ಆ ಸಪ್ಪಳ ದೂರವಾಯಿತು. ಒಂದೊಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ನನ್ನ ಬೆರಳು ಗಾಜಿನ ತನಕ ಹೋಗಿ ನಿಂತದ್ದಿದೆ. ಬಡಿದಿಲ್ಲ. ಬಾಗಿ ಅದರ ತಲೆ ಹೊರಗಿದೆಯೋ ಒಳಗಿದೆಯೋ ನೋಡುತ್ತೇನೆ. ಹೊರಗಿದ್ದರೆ ಹೊಲಿಯಲು ಕೂಡುತ್ತೇನೆ.

ಮೊನ್ನೆ ಮುಂಡಗೋಡದಿಂದ ಅತ್ತೆಯ ತಂಗಿ ಬಂದಿದ್ದರು. ಪೆಟ್ಟಿಗೆ ನೋಡಿ ಎದೆ ಹಿಡಿದುಕೊಂಡರು. ಅತ್ತೆ ಚಹಾದ ಕಪ್ಪು ಅವರ ಕೈಗಿಟ್ಟು, "ಅಂಜಬ್ಯಾಡ. ನಮ್ಮ ಸೊಸಿ ಸಾಯೋ ಮನಷ್ಯಾಗ ಮಾತು ಕೊಟ್ಟಿದ್ದಳು. ಇಡೀ ಚಾಳ ಅಂತೈತಿ, ಕೊಟ್ಟ ಮಾತು ಉಳಿಸ್ಕೊಂಡಾಕಿ ಅಂದ್ರ ಇಕಿ ಅಂತ" ಎಂದರು.

ನನ್ನ ಹಲ್ಲಿನಲ್ಲಿ ದಾರ ಇತ್ತು, ತಲೆ ಎತ್ತಲಿಲ್ಲ. ಕಾಕಾ ಮೂರು ಸಲ ಕೇಳಿದ್ದರು. ನಾನು ಒಂದು ಸಲವೂ ಹೂಂ ಅಂದಿರಲಿಲ್ಲ.